ಶಿಶುಪೋಷಣೆಯ ವ್ಯಯವೂ ಗೃಹಸ್ಥಧರ್ಮವೂ

ಮಕ್ಕಳನ್ನು ಸಾಕಿ ವಿದ್ಯಾವಂತರನ್ನಾಗಿ ಮಾಡುವ ವ್ಯಯವು ವರ್ಷೇ ವರ್ಷೇ ಏರುತ್ತಿರುವುದೆಂಬ ಮಾತು ಇಂದು ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಪದಾರ್ಥಗಳ ಬೆಲೆಯೇ ಇದಕ್ಕೆ ಕಾರಣವೆಂದು ಹೇಳುವುದು ವಾಡಿಕೆ. ಆದರೆ ಈ ಭಾರವನ್ನು ಪೂರ್ವದಲ್ಲಿ ಯಾರು ಹೊರುತ್ತಿದ್ದರು, ಈಗ ಯಾರು ಹೊರುತ್ತಿರುವರು ಎಂಬುದನ್ನು ವಿಚಾರಿಸಿದರೆ ವಿಷಯವು ಬೇರೊಂದು ರೂಪದಲ್ಲಿ ತೋರುವುದು.

ಬ್ರಹ್ಮಚಾರಿಯು ಭಿಕ್ಷಾನ್ನದಿಂದ ಜೀವಿಸತಕ್ಕದ್ದೆಂದು ಧರ್ಮಶಾಸ್ತ್ರವು ವಿಧಿಸಿತು. ಓದುವ ಹುಡುಗನ ಅನ್ನಕ್ಕೆ ಊರೇ ಹೊಣೆಯೆಂಬುದು ಇದರ ತಾತ್ಪರ್ಯ. ಇದು ಗ್ರಂಥಗಳಲ್ಲಿ ಮಾತ್ರ ಉಳಿದ ವಿಧಿಯಲ್ಲವೆಂಬುದಕ್ಕೆ ವಿಜಾಪುರ ಸೀಮೆಯ ಸಾಲೋಟಗಿಯ ಶಾಸನವೇ ಸಾಕ್ಷಿ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ. ಶ. 945ರಲ್ಲಿ, ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದುವು. ದೀಪದ ಎಣ್ಣೆಗೆಂದೇ 12 ನಿವರ್ತನ ಭೂಮಿಯನ್ನು ಬಿಡಲಾಗಿತ್ತು. ಇದಲ್ಲದೆ ಊರಿನ ಬ್ರಾಹ್ಮಣರು ಪ್ರತಿಯೊಂದು ವಿವಾಹದಲ್ಲಿ 5 ನಾಣ್ಯಗಳನ್ನೂ, ಉಪನಯನದಲ್ಲಿ ಅದರ ಅರ್ಧವನ್ನೂ, ಚೌಲದಲ್ಲಿ ಮತ್ತೆ ಅದರ ಅರ್ಧವನ್ನೂ ಶಾಲೆಗೆ ಕೊಡುವ ಕಟ್ಟಳೆಯಿತ್ತು. ತನ್ನ ಮನೆಯ ಶುಭಕಾರ್ಯದಲ್ಲಿ ಪರರ ಮಕ್ಕಳಿಗೂ ಒಂದು ಪಾಲುಂಟೆಂದು ಆ ಜನರು ಒಪ್ಪಿಕೊಂಡಿದ್ದರು.

ಹಾಗೆಂದು ಗತಕಾಲವನ್ನು ಸುಮ್ಮನೆ ಕೊಂಡಾಡುವುದು ನ್ಯಾಯವಲ್ಲ. ಅಗ್ರಹಾರದ ಶಾಲೆಯ ಬಾಗಿಲು ಒಕ್ಕಲಿಗನ ಮಗನಿಗೆ ತೆರೆದಿರಲಿಲ್ಲ. ಹೆಣ್ಣುಮಕ್ಕಳಿಗಂತೂ ಇಲ್ಲವೇ ಇಲ್ಲ. ಆ ಮಕ್ಕಳು ಸಣ್ಣ ವಯಸ್ಸಿನಲ್ಲಿಯೇ ದನ ಕಾಯುತ್ತಿದ್ದರು, ಕಳೆ ಕೀಳುತ್ತಿದ್ದರು, ತಂಗಿ ತಮ್ಮಂದಿರನ್ನು ಎತ್ತಿ ಆಡಿಸುತ್ತಿದ್ದರು. ಅವರಿಗಾಗಿ ಆಗುತ್ತಿದ್ದ ವೆಚ್ಚ ಸ್ವಲ್ಪ, ಅವರಿಂದ ಆಗುತ್ತಿದ್ದ ಕೆಲಸ ಬಹಳ. ಆದುದರಿಂದ ಬಹುಸಂತಾನವು ರೈತನಿಗೆ ಭಾಗ್ಯವಾಗಿ ತೋರಿದುದರಲ್ಲಿ ಆಶ್ಚರ್ಯವಿಲ್ಲ.

ಇಂಗ್ಲಿಷ್ ವಿದ್ಯೆ ಬಂದ ಮೇಲೂ ಹಳೆಯ ಕಟ್ಟಳೆ ಒಮ್ಮೆಗೇ ಅಳಿಯಲಿಲ್ಲ. ಪಟ್ಟಣಕ್ಕೆ ಓದಲು ಬಂದ ಬಡ ಹುಡುಗನು ದಿನಕ್ಕೊಂದು ಮನೆಯಂತೆ ವಾರಾನ್ನದಿಂದ ಹೊಟ್ಟೆ ಹೊರೆದನು. ತುಮಕೂರಿನ ಬಳಿಯ ಸಿದ್ಧಗಂಗೆಯಲ್ಲಿ, 1941ರಲ್ಲಿ ಪೀಠವನ್ನೇರಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಆಶ್ರಯದಲ್ಲಿ, ಎಲ್ಲ ಜಾತಿಯ ಸಾವಿರಾರು ಬಾಲಕರು ಉಂಡು ಓದಿದರು. ಅಗ್ರಹಾರವು ಒಂದು ಜಾತಿಗೆ ಮಾಡಿದುದನ್ನು ಈ ಮಠವು ಸಕಲರಿಗೂ ಮಾಡಿತು.

ಇಷ್ಟರಲ್ಲಿ ಶಾಲೆಯು ಎಲ್ಲರ ಮನೆಯನ್ನೂ ಮುಟ್ಟಿತು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಪ್ರಾಥಮಿಕ ವಿದ್ಯಾಭ್ಯಾಸದ ಕಾನೂನು ಹುಟ್ಟಿತು. 1930ರಲ್ಲಿ ಅದೇ ಸರ್ಕಾರವು ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಅಪ್ಪಣೆ ಕೊಟ್ಟಿತು. ಮುಂದೆ ಜಾನ್ ಕಾಲ್ಡ್‌ವೆಲ್ ಎಂಬ ಆಸ್ಟ್ರೇಲಿಯದ ಪಂಡಿತರು, ಸಂಪತ್ತು ಮಕ್ಕಳಿಂದ ತಂದೆತಾಯಿಗಳ ಕಡೆಗೆ ಹರಿಯುವವರೆಗೆ ಸಂತಾನವು ಹೆಚ್ಚಾಗಿರುವುದೆಂದೂ, ಪ್ರವಾಹವು ತಿರುಗಿದಾಗ ಅದು ತಗ್ಗುವುದೆಂದೂ 1976ರಲ್ಲಿ ಪ್ರತಿಪಾದಿಸಿದರು. ಅನಂತರ ಅವರು ಸಹೋದ್ಯೋಗಿಗಳೊಡನೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿಯೇ ಶೋಧನೆ ನಡೆಸಿ 1988ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಮಗನನ್ನು ಓದಿಸಿ ಉದ್ಯೋಗಕ್ಕೆ ಕಳುಹಿಸಬೇಕೆಂಬ ಆಸೆಯೂ ಅದರ ಖರ್ಚೂ ಅಲ್ಲಿಯ ಸಂಸಾರಗಳನ್ನು ಬದಲಾಯಿಸುತ್ತಿದ್ದುವು. ಹೆಣ್ಣಿಗೆ ತೆರ ಕೊಡುತ್ತಿದ್ದ ಕುಲಗಳಲ್ಲಿಯೂ ವರದಕ್ಷಿಣೆ ಹೊಕ್ಕು, ಮಗಳ ತಂದೆಯ ಹೊರೆ ಇಮ್ಮಡಿಯಾಯಿತು.

ಇದರ ಫಲವು ಅಂಕಿಗಳಲ್ಲಿ ಸ್ಪಷ್ಟವಾಗಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಸ್ತ್ರೀಗೆ ಸರಾಸರಿ ಸಂತಾನವು 1992–93ರಲ್ಲಿ 2.85 ಇದ್ದುದು, 2019–21ರಲ್ಲಿ 1.7ಕ್ಕೆ ಇಳಿಯಿತು. ಜನಸಂಖ್ಯೆ ಕುಗ್ಗದೆ ನಿಲ್ಲಲು ಸುಮಾರು 2.1 ಬೇಕು. ತಾಯಿಯ ದೇಹಕ್ಕೆ ವಿಶ್ರಾಂತಿ ದೊರೆತುದು, ಹುಟ್ಟಿದ ಮಗುವಿಗೆ ವಿದ್ಯೆ ದೊರೆತುದು ನಿಸ್ಸಂಶಯವಾಗಿ ಲಾಭವೇ. ಆದರೆ ಮತ್ತೊಂದು ಮಗುವನ್ನು ಬಯಸಿಯೂ ಶುಲ್ಕದ ಭಯದಿಂದ ಹಿಂಜರಿಯುವ ದಂಪತಿಗಳಿದ್ದರೆ, ಅದನ್ನು ಲಾಭವೆನ್ನಲಾಗದು.

ರಾಜ್ಯವು ಸುಮ್ಮನಿಲ್ಲ. 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಯಿತು. 6ರಿಂದ 14 ವಯಸ್ಸಿನ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು 2010ರಲ್ಲಿ ಜಾರಿಗೆ ಬಂದಿತು. ಆದರೂ ಅನೇಕ ಗೃಹಸ್ಥರು ಸಾಲಮಾಡಿಯಾದರೂ ಶುಲ್ಕದ ಶಾಲೆಯನ್ನೇ ಅರಸುತ್ತಾರೆ. ವಾರಾನ್ನದ ಮನೆಗಳು ಮರೆಯಾದುವು, ಅವಿಭಕ್ತ ಕುಟುಂಬಗಳು ಒಡೆದುವು. ಊರು ಹೊತ್ತ ಭಾರವು ಇಬ್ಬರ ಹೆಗಲಿಗೆ ಇಳಿಯಿತು. ಸಾಲೋಟಗಿಯ ಕಟ್ಟಳೆಯನ್ನು ಎಲ್ಲ ಕುಲದ ಮಕ್ಕಳಿಗೂ ಅನ್ವಯಿಸಿ, ಊರಿನ ಶಾಲೆಯನ್ನು ಊರಿನವರೇ ಮೇಲೆತ್ತಿದರೆ, ಈ ಹೊರೆಯು ಬಹುಮಟ್ಟಿಗೆ ಹಗುರಾದೀತು.