ಡೇಟಾಬೇಸ್ ದೃಢೀಕರಣ ಪರೀಕ್ಷೆಗಳಲ್ಲಿ ಲಾಗ್ ತಪಾಸಣೆ

ಡೇಟಾಬೇಸಿನೊಳಗೆ ಯಾರು, ಯಾವ ವಿಧಾನದಿಂದ ಬಂದರು ಎಂಬುದನ್ನು ಸರ್ವರ್ ತನ್ನ ಲಾಗ್ ಕಡತದಲ್ಲಿ ಬರೆದಿಡಬಲ್ಲದು. ಆ ಬರಹ ಸರಿಯಿದೆಯೇ ಎಂದು ಸ್ವಯಂಚಾಲಿತ ಪರೀಕ್ಷೆಯಲ್ಲೇ ನೋಡುವುದು ಲಾಗ್ ತಪಾಸಣೆ. ಬೆಂಗಳೂರಿನ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಿಗೆ ಚಿರಪರಿಚಿತವಾದ ಮುಕ್ತ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್‌ಕ್ಯುಎಲ್ ಇದಕ್ಕೆ ಒಳ್ಳೆಯ ಉದಾಹರಣೆ.

ಸಂಪರ್ಕ ಸಿಕ್ಕ ಮಾತ್ರಕ್ಕೆ ದೃಢೀಕರಣ ಸರಿಯಾಗಿದೆ ಎನ್ನಲಾಗದು. ಯಾರನ್ನು ಹೇಗೆ ಒಳಬಿಡಬೇಕೆಂಬ ನಿಯಮಗಳ ಕಡತವನ್ನು ಸರ್ವರ್ ಮೇಲಿನಿಂದ ಓದುತ್ತದೆ. ಆ ಸಂಪರ್ಕಕ್ಕೆ ಹೊಂದುವ ಮೊದಲ ಸಾಲು ಸಿಕ್ಕೊಡನೆ ಅಲ್ಲಿಗೇ ನಿಲ್ಲುತ್ತದೆ. ಮೇಲೆಲ್ಲೋ ‘ಟ್ರಸ್ಟ್’ ಎಂಬ ಹಳೆಯ ಸಾಲೊಂದು ಉಳಿದಿದ್ದರೆ ಪಾಸ್‌ವರ್ಡ್ ಕೇಳದೆಯೇ ಬಾಗಿಲು ತೆರೆಯುತ್ತದೆ, ಪರೀಕ್ಷೆಯೂ ಪಾಸಾಗುತ್ತದೆ. ಇಂಥ ತಪ್ಪು ಲಾಗಿನಲ್ಲಿ ಸಿಕ್ಕಿಬೀಳುತ್ತದೆ. 2021ರಲ್ಲಿ ಬಂದ ಪೋಸ್ಟ್‌ಗ್ರೆಸ್‌ಕ್ಯುಎಲ್‌ನ 14ನೇ ಆವೃತ್ತಿಯಿಂದ, ಸಂಪರ್ಕಗಳ ಲಾಗ್ ಚಾಲೂ ಇದ್ದರೆ, ದೃಢೀಕರಣಗೊಂಡವರ ಗುರುತೂ ವಿಧಾನದ ಹೆಸರೂ ಅದರಲ್ಲಿ ದಾಖಲಾಗುತ್ತವೆ. ಕರ್ಬೆರೋಸ್ ಎಂಬ ದೃಢೀಕರಣ ವಿಧಾನದಲ್ಲಿ ಡೇಟಾಬೇಸ್ ಬಳಕೆದಾರರ ಹೆಸರಷ್ಟೇ ಅಲ್ಲ, ಅದರ ಹಿಂದಿನ ಪೂರ್ಣ ಗುರುತೂ ಕಾಣುತ್ತದೆ.

ತಪಾಸಣೆಯ ತೊಡಕು ಹಳೆಯ ಸಾಲುಗಳದ್ದು. ಮೊದಲ ಪರೀಕ್ಷೆ ಬಿಟ್ಟುಹೋದ ಸಾಲನ್ನೇ ಎರಡನೆಯದು ತನ್ನದೆಂದು ಓದಿ ಸುಳ್ಳು ಗೆಲುವು ಸಾರಬಹುದು. ಪ್ರತಿ ಸಲ ಕಡತವನ್ನು ಬರಿದುಮಾಡಿ ಸರ್ವರನ್ನು ಮರುಚಾಲನೆ ಮಾಡಿದರೆ ಹೊತ್ತು ಹಿಡಿಯುತ್ತದೆ. ಸರ್ವರ್ ತೆರೆದಿಟ್ಟ ಕಡತವನ್ನು ಹೊರಗಿನಿಂದ ಬರಿದುಮಾಡುವ ಕೆಲಸ ಎಲ್ಲ ಆಪರೇಟಿಂಗ್ ಸಿಸ್ಟಂಗಳಲ್ಲೂ ಒಂದೇ ಬಗೆಯಲ್ಲಿ ಆಗುವುದೂ ಇಲ್ಲ. ಸರಳ ಪರಿಹಾರವೆಂದರೆ ಸಂಪರ್ಕಕ್ಕೆ ಮುನ್ನ ಕಡತ ಎಷ್ಟು ಬೈಟ್ ಇದೆಯೆಂದು ಗುರುತಿಟ್ಟುಕೊಂಡು, ಆಮೇಲೆ ಅಲ್ಲಿಂದ ಮುಂದಕ್ಕಷ್ಟೇ ಹುಡುಕುವುದು. ಪೋಸ್ಟ್‌ಗ್ರೆಸ್‌ಕ್ಯುಎಲ್‌ನ ಪರ್ಲ್ ಪರೀಕ್ಷಾ ಚೌಕಟ್ಟಿನಲ್ಲಿ ‘ಕನೆಕ್ಟ್_ಓಕೆ’, ‘ಕನೆಕ್ಟ್_ಫೇಲ್ಸ್’ ಎಂಬ ಎರಡು ಕಾರ್ಯಗಳಿವೆ. ಸಂಪರ್ಕಿಸುವುದು, ಫಲಿತಾಂಶ ನೋಡುವುದು, ಲಾಗಿನಲ್ಲಿ ಇರಬೇಕಾದ ಮತ್ತು ಇರಬಾರದ ಸಾಲುಗಳನ್ನು ಹುಡುಕುವುದು ಎಲ್ಲವೂ ಒಂದೇ ಕರೆಯಲ್ಲಿ ಮುಗಿಯುತ್ತದೆ. ಪಾಸ್‌ವರ್ಡ್, ಎಲ್‌ಡಿಎಪಿ, ಎಸ್‌ಎಸ್‌ಎಲ್ ವಿಧಾನಗಳ ಪರೀಕ್ಷೆಗಳಲ್ಲಿ ಒಂದೇ ಕೋಡನ್ನು ಮತ್ತೆ ಮತ್ತೆ ಬರೆಯುವ ಕಾಟ ಇದರಿಂದ ತಪ್ಪುತ್ತದೆ.

‘ಇರಬಾರದ ಸಾಲು ಇಲ್ಲ’ ಎಂಬುದನ್ನು ಮಾತ್ರ ಅವಸರದಲ್ಲಿ ನಂಬಬಾರದು. ಸರ್ವರ್ ಅದನ್ನು ಇನ್ನೂ ಬರೆದಿರಲಿಕ್ಕಿಲ್ಲ. ಆ ಸಂಪರ್ಕದ ಪ್ರಕ್ರಿಯೆ ಮುಗಿದ ಮೇಲೆ ಹುಡುಕುವುದೇ ಸುರಕ್ಷಿತ.

ಬೆಂಗಳೂರಿನ ಕಂಪನಿಗಳಿಗೆ ಈ ಕೆಲಸ ಕಾನೂನಿನ ದೃಷ್ಟಿಯಿಂದಲೂ ಮುಖ್ಯ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನೀಡಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಿಡಬೇಕು. ಒಳಬಂದವರ ಗುರುತೇ ತಪ್ಪಾಗಿ ದಾಖಲಾಗಿದ್ದರೆ, ಆ 180 ದಿನಗಳ ಕಡತದಿಂದ ತನಿಖೆಗೆ ನೆರವು ಸಿಗದು.