ಬೀಸೋ ಕಲ್ಲಿನ ಮುಂದ ಕೂತ ಪುರಾಣ

"ಕತಿ ಬರೀಬೇಕಂತ ಭಾಳ ಆಸೆ ಅದ ವೈನಿ, ಆದ್ರ ಪೆನ್ನು ಹಿಡದ್ರ ಏನೂ ಹೊಳಿಯಂಗಿಲ್ಲ" ಅಂತ ಮಗ್ಗಲ ಮನಿ ತಂಗಿ ಮೊನ್ನೆ ಅಂದ್ಲು. "ಪುರಾಣ ಓದು, ನಿಮ್ಮ ಆಯಿ ಹೇಳಿದ ಕತಿ ನೆನಸ್ಕೊ" ಅಂದೆ. "ಅವು ಎಲ್ಲಾರಿಗೂ ಗೊತ್ತಿದ್ದ ಕತಿ. ಅದರಾಗ ನಂದೇನದ?" ಅಂತ ಕೇಳಿದ್ಲು. ಒಲಿ ಮ್ಯಾಲ ರೊಟ್ಟಿ ಇತ್ತು, ಮಾತು ಅರ್ಧಕ್ಕ ನಿಂತಿತು. ಉಳದದ್ದು ಇಲ್ಲಿ ಬರೀತೀನಿ.

ಮೊದಲ ಬಾಗೇವಾಡಿಗೆ ಹೋಗೂಣು. ಬಸವಣ್ಣನವರು 12ನೇ ಶತಮಾನದವರು. ಅವರ ಕತಿಯನ್ನ ಹರಿಹರ ಕವಿ ರಗಳೆಯೊಳಗ ಹೇಳ್ಯಾನ. ಅದರಾಗ ತಂದಿ-ತಾಯಿ ಲಗೂನ ತೀರಿಕೊಂತಾರ, ಕೂಸಿನ್ನ ಮುತ್ತವ್ವ ಸಾಕತಾಳ. ಮುಂದ ತೆಲುಗಿನ ಪಾಲ್ಕುರಿಕೆ ಸೋಮನಾಥ ಬರದ, ಅವನ ಹಾದಿ ಹಿಡದು 1369ರಾಗ ಭೀಮಕವಿ ಕನ್ನಡದಾಗ ಬಸವಪುರಾಣ ಬರದ. ಅಲ್ಲಿ ನೋಡಿದ್ರ ತಂದಿ ಬದುಕ್ಯಾನ. ಮುಂಜಿವಿ ಒಲ್ಲೆ ಅಂತ ಸಣ್ಣ ಹುಡುಗ ತಂದಿ ಎದುರಿಗೇ ನಿಂತು ವಾದಾ ಮಾಡತಾನ.

ಊರು ಒಂದೇ, ಹುಡುಗನೂ ಒಬ್ಬನೇ, ಆದ್ರ ಕತಿ ಎರಡಾತು. ಯಾವುದು ಖರೆ ಅಂತ ಹುಡುಕೋದು ಇತಿಹಾಸ ಬಲ್ಲವರ ಕೆಲಸ, ಅದೂ ಬೇಕು. ಕತಿ ಬರಿಯೋರು ಮಾತ್ರ ಇನ್ನೊಂದು ಕೇಳಬೇಕು: ಇದನ್ನ ಹೇಳಿದವನಿಗೆ ಹಿಂಗ್ಯಾಕ ಬೇಕಾತು? ಒಬ್ಬ ಕವಿ ಕಣ್ಣಿಗೆ ಪರದೇಶಿ ಕೂಸು ಬಿತ್ತು, ಇನ್ನೊಬ್ಬನ ಕಣ್ಣಿಗೆ ಎದುರು ಮಾತಾಡೋ ಮಗ ಬಿದ್ದ. ದೊಡ್ಡ ಕವಿಗಳೇ ಎಲ್ಲಾರಿಗೂ ಗೊತ್ತಿದ್ದ ಕತಿಯೊಳಗ ತಮ್ಮದನ್ನ ಇಟ್ಟಾರ.

ಇನ್ನ ನಮ್ಮ ಹೆಣ್ಮಕ್ಕಳೇನು ಕಡಿಮಿ ಇದ್ರೇನು? ಕೋಳಿ ಕೂಗೋಕಿಂತ ಮೊದಲ ಎದ್ದು, ಇಬ್ಬರು ಎದುರಾಬದುರಾ ಕೂತು, ಒಂದೇ ಗೂಟಾ ಹಿಡದು ಜ್ವಾಳಾ ಬೀಸತಿದ್ರು. ಕಲ್ಲು ತಿರಗೋದಕ್ಕ ಸರಿಯಾಗಿ ಹಾಡೂ ತಿರಗತಿತ್ತು. ಮೂರು ಸಾಲಿನ ಆ ತ್ರಿಪದಿ ನಿನ್ನೆ ಮೊನ್ನೆದಲ್ಲ. ಬಾದಾಮಿ ಬಂಡಿಗಲ್ಲಿನ ಮ್ಯಾಲ ಕಪ್ಪೆ ಅರಭಟ್ಟನ ಶಾಸನದಾಗ ಅದೇ ತ್ರಿಪದಿ ಅದ, ಸುಮಾರು 1300 ವರ್ಷದ ಹಿಂದಿಂದು. ನಮ್ಮ ಆಯಿಗೆ ಓದಾಕ ಬರತಿರಲಿಲ್ಲ. ಆದ್ರ ಶಾಸನ ಬರದವನ ಅಳತಿ ಆಕಿ ಬಾಯಾಗ ಇತ್ತು.

ಆ ಹಾಡಿನಾಗ ದೇವರು ನಮ್ಮ ಮನಿಯವರೇ ಆಗತಿದ್ರು. ಗಂಗಿ-ಗೌರಿ ಸವತಿ ಜಗಳಾ ಕೇಳ್ರಿ. ಪುರಾಣದಾಗ ಗಂಗಿ ಶಿವನ ಜಡಿಯೊಳಗಿನ ಹೊಳಿ. ಹೆಣ್ಮಕ್ಕಳ ಹಾಡಿನಾಗ ಆಕಿ ಗಂಡ ಕದ್ದು ತಂದ ಎರಡನೇಯಾಕಿ. "ನನ್ನ ಗಂಡ ಇನ್ನೊಬ್ಬಾಕಿನ್ನ ತಂದಾನ" ಅಂತ ಓಣ್ಯಾಗ ಹೇಳಾಕ ಬರತದೇನು? ಗೌರಿ ಹೆಸರಿನಾಗ ಹೇಳಬಹುದು. ಎದುರು ಕೂತ ಅತ್ತಿಗೂ ತಿಳೀತದ, ಆದ್ರ ಹಾಡಿಗೆ ಯಾರೂ ಬೈಯಂಗಿಲ್ಲ.

ಈ ಹಾಡಿನ ಬೆಲಿ ಮೊದಲ ಕಂಡವರೊಳಗ ನಮ್ಮ ಹಲಸಂಗಿ ಗೆಳೆಯರು ಅದಾರ. ಹಲಸಂಗಿ ಆವಾಗ ಇಂಡಿ ತಾಲೂಕಿನಾಗ ಇತ್ತು, ಈಗ ಚಡಚಣಕ್ಕ ಸೇರ್ಯಾದ. ಮಧುರಚೆನ್ನರು, ಸಿಂಪಿ ಲಿಂಗಣ್ಣನವರು, ಕಾಪಸೆ ರೇವಪ್ಪನವರು, ಧೂಲಾಸಾಹೇಬರು ಕೂಡಿ ಹಾಡು ಬರಕೊಂಡ್ರು. 1931ರಾಗ 'ಗರತಿಯ ಹಾಡು' ಬಂತು, 1935ರಾಗ 'ಮಲ್ಲಿಗೆ ದಂಡೆ' ಬಂತು. ಕೂಡಿಸಿಟ್ಟು ಸುಮ್ಮನಾಗಲಿಲ್ಲ ಅವರು. ಮಧುರಚೆನ್ನರು ತಮ್ಮ 'ನನ್ನ ನಲ್ಲ' ಕವನದಾಗ ದೇವರನ್ನ ನಲ್ಲಾ ಅಂತ ಕರದು, ಇದೇ ಸೀಮಿ ಮಾತಿನಾಗ ಮಾತಾಡ್ಯಾರ. ಕಲ್ಲಿನ ಮುಂದ ಕಲಿತದ್ದು ಅವರ ಸ್ವಂತ ಹಾಡಾತು.

ಒಂದು ಮಾತು ಮಾತ್ರ ನನಗ ಚುಚ್ಚತದ. ಹಾಡು ಉಳದ್ವು, ಕಟ್ಟಿದವರ ಹೆಸರು ಹೋದ್ವು. ಅಷ್ಟೂ ಹೆಣ್ಮಕ್ಕಳಿಗೆ ಕೂಡಿ 'ಗರತಿ' ಅಂತ ಒಂದೇ ಹೆಸರು. ಗಿರಣಿ ಬಂದ ಮ್ಯಾಲ ರಟ್ಟಿಗೆ ಆರಾಮ ಸಿಕ್ತು, ಅದು ಒಳ್ಳೇದೇ ಆತು. ಆದ್ರ ಹಾಡೋ ಹೊತ್ತೂ ಅದರ ಕೂಡ ಹೋತು.

ಈಗ ನಂದೂ ಒಂದು ಹೇಳಿಬಿಡತೀನಿ. ಮುದ್ದೇಬಿಹಾಳ ತಾಲೂಕಿನ ತಂಗಡಗಿ ನಿಮಗ ಗೊತ್ತದ, ಕೃಷ್ಣಾ ಹೊಳಿ ದಂಡಿಗೆ. ಕಲ್ಯಾಣ ಕದಡಿದ ಮ್ಯಾಲ ಬಸವಣ್ಣನವರು ಸಂಗಮಕ್ಕ ಬಂದು, ನೀಲಮ್ಮನವರನ್ನ ಕರಕೊಂಡು ಬಾ ಅಂತ ಹಡಪದ ಅಪ್ಪಣ್ಣನವರನ್ನ ಕಳಸಿದ್ರಂತ. ತಾಯಿ ತಂಗಡಗಿ ಮುಟ್ಟೋದ್ರಾಗ ಬಸವಣ್ಣನವರು ಐಕ್ಯ ಆದ ಸುದ್ದಿ ಬಂತು. ಅವರು ಮುಂದ ಹೋಗಲಿಲ್ಲ. ಅಲ್ಲಿರೋ ಸಂಗಯ್ಯ ಇಲ್ಲಿಲ್ಲೇನು ಅಂದು ಅಲ್ಲೇ ಐಕ್ಯ ಆದ್ರು ಅಂತ ಹೇಳತಾರ.

ಭಾಳ ವರ್ಷ ನಾ ಇದನ್ನ ಭಕ್ತಿ ಕತಿ ಅಂತಷ್ಟೇ ಕೇಳಿದ್ದೆ. ನಮ್ಮ ಅವ್ವ ಹೋಗೋ ಮುಂದ ನನಗ ಫೋನ್ ಬಂದಿತ್ತು. ಮನ್ಯಾಗ ಹಬ್ಬದ ಅಡಗಿ ಇತ್ತು, ನಾಳೆ ಹೋದ್ರಾತು ಅಂತ ನಾನೇ ನಿಂತೆ. ಮುಟ್ಟೋದ್ರಾಗ ಅವ್ವ ಇರಲಿಲ್ಲ. ಬಸ್ಸು ಸಿಗಲಿಲ್ಲ ಅಂತ ತಂಗೀಗೆ ಸುಳ್ಳು ಹೇಳಿದೆ. ಮುಂದ ಒಮ್ಮಿ ನೀಲಮ್ಮನ ಕತಿ ಓದೋವಾಗ, ಹೊತ್ತು ಮೀರಿ ಬಂದು ದಂಡಿಮ್ಯಾಲ ನಿಂತ ಹೆಣ್ಮಗಳಷ್ಟೇ ಕಂಡ್ಲು. ಅವತ್ತು ರಾತ್ರಿ ಒಂದು ಕತಿ ಬರದೆ. ಅದರಾಗ ನೀಲಮ್ಮ ಇಲ್ಲ, ಬಸವಣ್ಣ ಇಲ್ಲ. ಕಡೀ ನಾವಿ ಹೋದ ಮ್ಯಾಲ ಹೊಳಿ ದಂಡಿಗೆ ಬಂದ ಮಗಳೊಬ್ಬಾಕಿ ಅದಾಳ. ತಂಗಿ ಅದನ್ನ ಓದಿ ಏನೂ ಅನ್ನಲಿಲ್ಲ, ನನ್ನ ಕೈ ಹಿಡಕೊಂಡು ಕೂತ್ಲು. ಖರೆ ಮಾತು ಆವಾಗ ಹೇಳಿದೆ.

ಅದಕ್ಕ ತಂಗಿ, ಪುರಾಣ ಓದೋವಾಗ ಇಡೀ ಕತಿ ಹೊತಗೊಂಡು ಬರಬ್ಯಾಡ. ಎಲ್ಲಿ ನಿನ್ನ ಎದಿ ಜಗ್ಗತದೋ ಅಲ್ಲಿ ನಿಲ್ಲು. ಬಾಗೇವಾಡಿಯವರಿಗೆ ಕೂಸು ಸಾಕಿದ ಮುತ್ತವ್ವ ಅದಾಳ. ಸಿಂದಗಿ ಸೀಮಿಯವರಿಗೆ ದೇವರ ಹಿಪ್ಪರಗಿಯ ಮಡಿವಾಳ ಮಾಚಯ್ಯನವರು ಅದಾರ. ಊರ ಅರಬಿ ಒಗಿಯೋರಿಗೆ ಯಾರ ಮನಿ ಕಲೆ ಗೊತ್ತಿರಂಗಿಲ್ಲ ಹೇಳು? ಅಲ್ಲಿಂದ ಸುರು ಮಾಡು.

ನಿಮ್ಮ ಮನ್ಯಾಗ ಬೀಸೋ ಹಾಡು ಬಲ್ಲ ಆಯಿ ಇನ್ನೂ ಇದ್ರ, ಈ ವಾರ ಮಗ್ಗಲಕ ಕೂತು ಒಂದು ಹಾಡರೆ ಬರಕೊಳ್ರಿ. ಕೆಳಗ ಆಕಿ ಹೆಸರು, ತವರೂರು ಬರೀರಿ. ಮತ್ತ ನಿಮ್ಮ ಕತಿ ಬರದಾಗ ನಿಮ್ಮ ಹೆಸರೂ ಬರೀರಿ.