ಹಳೆ ಜಾವಾದ ಮುಂದಿನ ಫೋರ್ಕ್: ಪ್ರಾಗ್‌ನಿಂದ ರಾಣೆಬೆನ್ನೂರಿನ ಲೇತ್ ತನಕ

ನಿಮ್ಮ ಮನೆಯಲ್ಲೋ ಪಕ್ಕದ ಮನೆಯ ಕಾಕಾನ ಹತ್ತಿರವೋ ಹಳೆ ಜಾವಾ, ಯೆಜ್ಡಿ ಇದ್ದರೆ ಮೊದಲು ಒಂದು ಕೆಲಸ ಮಾಡಿ. ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಒಮ್ಮೆ ಒತ್ತಿ ಬಿಡಿ. ಗಾಡಿ ಒಂದೇ ಸಲ ಎದ್ದು ನಿಂತರೆ ಫೋರ್ಕ್ ಇನ್ನೂ ಜೀವಂತ ಇದೆ. ಚೆಂಡಿನ ಹಂಗೆ ಎರಡು-ಮೂರು ಸಲ ಕುಣಿದರೆ ಒಳಗೆ ಆಯಿಲ್ ಖಾಲಿ, ಬರೀ ಸ್ಪ್ರಿಂಗ್ ಕೆಲಸ ಮಾಡ್ತಿದೆ ಅಂತ ಅರ್ಥ. ಹೈವೇ ಮೇಲೆ ಹಿಂಗೆ ಕುಣಿಯೋ ಗಾಡಿಯ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ರಸ್ತೆಯನ್ನ ಸರಿಯಾಗಿ ಹಿಡಿಯಲ್ಲ. ಹಂಗಾಗಿ ಇದು ಬರೀ ಶೋಕಿ ವಿಷಯ ಅಲ್ಲ.

ಸ್ಪ್ರಿಂಗ್ ಮತ್ತು ಆಯಿಲ್ ಹೀಗೆ ಒಂದೇ ಕೊಳವೆಯೊಳಗೆ ಸೇರಿದ್ದು ಬಹಳ ಹಿಂದೇನೂ ಅಲ್ಲ. ಅದಕ್ಕೂ ಮೊದಲು ಇದ್ದದ್ದು ಗರ್ಡರ್ ಫೋರ್ಕ್. ಹ್ಯಾಂಡಲ್ ಕೆಳಗೆ ಒಂದು ದೊಡ್ಡ ಸ್ಪ್ರಿಂಗ್, ಅದರ ಕುಣಿತ ತಡೆಯೋಕೆ ಬಿಲ್ಲೆಗಳ ತಿಕ್ಕಾಟ, ಅಷ್ಟೇ. 1935ರಲ್ಲಿ ಬಿಎಂಡಬ್ಲ್ಯು ಕಂಪನಿ ತನ್ನ ಆರ್12 ಗಾಡಿಗೆ ಆಯಿಲ್ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ಹಾಕಿ ಮಾರಾಟಕ್ಕೆ ತಂತು. ಒಂದು ಪೈಪಿನೊಳಗೆ ಇನ್ನೊಂದು ಜಾರುತ್ತೆ, ಸಣ್ಣ ತೂತುಗಳ ಮೂಲಕ ಆಯಿಲ್ ನುಗ್ಗಬೇಕಾಗುತ್ತೆ. ಜೋರಾಗಿ ಒತ್ತಿದಷ್ಟೂ ಆಯಿಲ್ ಜೋರಾಗಿ ತಡೆಯುತ್ತೆ.

ಜಾವಾ ಕಥೆ ಇನ್ನೂ ಮಜಾ ಇದೆ. ಫ್ರಾಂಟಿಶೆಕ್ ಯಾನೆಚೆಕ್ ಅನ್ನೋರು 1929ರಲ್ಲಿ ಪ್ರಾಗ್‌ನಲ್ಲಿ ಶುರು ಮಾಡಿದ ಕಂಪನಿ ಇದು. ಅವರ ಹೆಸರಿನ ಮೊದಲ ಅಕ್ಷರಗಳು, ವಾಂಡರರ್ ಅನ್ನೋ ಜರ್ಮನ್ ಕಂಪನಿಯ ಮೊದಲ ಅಕ್ಷರಗಳು, ಎರಡೂ ಸೇರಿ ಜಾವಾ. ಆಮೇಲೆ ನಾತ್ಸಿಗಳು ಊರು ಹಿಡಿದರು. ಆ ವರ್ಷಗಳಲ್ಲಿ ಪ್ರಾಗ್ ಜನರ ಬಾಯಲ್ಲಿ ಪೇರಾಕ್ ಅನ್ನೋ ಒಬ್ಬನ ಕಥೆ ಓಡಾಡ್ತಿತ್ತು. ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡು ಮನೆಗಳ ಮೇಲೆ ಹಾರಿ ಹೋಗೋನಂತೆ. 1946ರಲ್ಲಿ ಯಿರ್ಜಿ ತ್ರ್ನ್ಕಾ ಅವನ ಮೇಲೆ ಒಂದು ಕಾರ್ಟೂನ್ ಸಿನಿಮಾನೇ ಮಾಡಿದರು. ಯುದ್ಧದ ಕಾಲದಲ್ಲಿ ಗುಟ್ಟಾಗಿ ತಯಾರಾದ ಜಾವಾ 250 ಹೊರಗೆ ಬಂದದ್ದೂ ಅದೇ ವರ್ಷ. ಮುಂದೆ ಟೆಲಿಸ್ಕೋಪಿಕ್ ಫೋರ್ಕ್, ಹಿಂದೆಯೂ ಸ್ಪ್ರಿಂಗ್. ಜನ ಆ ಗಾಡಿಗೂ ಪೇರಾಕ್ ಅಂತಲೇ ಹೆಸರಿಟ್ಟರು.

ಅದೇ ವಂಶದ ಗಾಡಿ ನಮ್ಮ ಮೈಸೂರಿಗೆ ಬಂತು. 1960ರಲ್ಲಿ ಐಡಿಯಲ್ ಜಾವಾ ಕಂಪನಿ ಹುಟ್ಟಿತು, 1961ರಲ್ಲಿ ಯಾದವಗಿರಿಯ ಕಾರ್ಖಾನೆಯನ್ನ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟನೆ ಮಾಡಿದರು. ಕಂಪನಿ ಕಟ್ಟಿದವರು ರುಸ್ತುಂ ಇರಾನಿ. 1973ರಿಂದ ಹೆಸರು ಯೆಜ್ಡಿ ಆಯಿತು. ಕಿಕ್ ಹೊಡೆದ ಕಡ್ಡಿಯನ್ನೇ ಮುಂದಕ್ಕೆ ಮಡಚಿ ಗೇರ್ ಹಾಕೋ ಗಾಡಿ ಅಂದ್ರೆ ಇವತ್ತಿನ ಹುಡುಗರಿಗೆ ನಂಬಿಕೆ ಬರಲ್ಲ! 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಜನ ಮೈಲೇಜ್ ಲೆಕ್ಕ ಹಾಕೋಕೆ ಶುರು ಮಾಡಿದರು. ಪೆಟ್ರೋಲ್ ಜಾಸ್ತಿ ಕುಡಿಯೋ ಟೂ-ಸ್ಟ್ರೋಕ್‌ಗೆ ಅಲ್ಲಿಂದ ಇಳಿಗಾಲ. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಮುಚ್ಚಿತು.

ಕಂಪನಿ ಮುಚ್ಚಿದರೂ ಗಾಡಿಗಳು ಓಡ್ತಾನೇ ಇದ್ದವು. ಇಲ್ಲಿಂದ ಇದು ನಮ್ಮ ರಾಣೆಬೆನ್ನೂರು ಕಡೆಯ ಕಥೆ. 1956ರ ತನಕ ತುಂಗಭದ್ರೆಯ ಈ ದಡದ ರಾಣೆಬೆನ್ನೂರು ಮುಂಬೈ ರಾಜ್ಯಕ್ಕೆ, ಆ ದಡದ ಹರಿಹರ ಮೈಸೂರು ರಾಜ್ಯಕ್ಕೆ ಸೇರಿತ್ತು. ಆ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ತಯಾರಾಗ್ತಿದ್ದದ್ದು ಲೇತ್ ಮಷಿನ್. ಆ ಕಾರ್ಖಾನೆಯೂ ಆಮೇಲೆ ಮುಚ್ಚಿತು, ಆದರೆ ಅದರ ಲೇತ್‌ಗಳು ಊರೂರಿನ ಅಂಗಡಿಗಳಲ್ಲಿ ಉಳಿದವು. ನನ್ನ ಅಭಿಪ್ರಾಯ ಕೇಳಿದರೆ, ಹಳೆ ಜಾವಾ ಇವತ್ತಿಗೂ ರಸ್ತೆ ಮೇಲೆ ಇರೋದಕ್ಕೆ ಶೋರೂಮ್‌ಗಿಂತ ಈ ಲೇತ್ ಅಂಗಡಿಗಳೇ ಕಾರಣ. ಸಿಗದ ಬುಶ್ ಅನ್ನ ಗನ್‌ಮೆಟಲ್‌ನಲ್ಲಿ ಕಡೆದು ಕೊಡೋರು ಅವರೇ.

ಈಗ ರಿಪೇರಿ. ಹೊಸ ಆಯಿಲ್ ಸೀಲ್ ಹಾಕಿದೆ, ವಾರದಲ್ಲಿ ಮತ್ತೆ ಸೋರಿತು ಅಂತಾರೆ ಹುಡುಗರು. ತಪ್ಪು ಸೀಲ್‌ದಲ್ಲ, ಪೈಪಿನದು. ಹಳೆ ಜಾವಾದಲ್ಲಿ ಪೈಪಿನ ಮೇಲೆ ತಗಡಿನ ಕವರ್ ಇರುತ್ತೆ, ಒಳಗೆ ತುಕ್ಕು ಹಿಡಿದದ್ದು ಕಣ್ಣಿಗೆ ಬೀಳಲ್ಲ. ನಮ್ಮ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಅಂಟಿಕೊಂಡು, ಬೇಸಿಗೆಯಲ್ಲಿ ಪುಡಿಯಾಗಿ ಸೀಲ್ ತುಟಿಗೆ ಸೇರುತ್ತೆ. ಆಮೇಲೆ ಪೈಪ್ ಮೇಲಿನ ಸಣ್ಣ ಗುಳಿಗಳು ಸೀಲನ್ನ ಬ್ಲೇಡಿನ ಹಂಗೆ ಕೆರೀತವೆ. ಉಗುರಿಗೆ ಗುಳಿ ಸಿಕ್ಕಿದರೆ ಹಳೆ ಕ್ರೋಮ್ ತೆಗೆಸಿ, ಹಾರ್ಡ್ ಕ್ರೋಮ್ ಮಾಡಿಸಿ, ಗ್ರೈಂಡಿಂಗ್‌ನಲ್ಲಿ ಮೂಲ ಅಳತೆಗೆ ತರಬೇಕು. ಬಂಪರ್‌ಗೆ ಹೊಳಪು ಕೊಡೋ ಅಂಗಡಿಗೆ ಕೊಡಬೇಡಿ. ಆ ಶೋಕಿ ಕ್ರೋಮ್ ಒಂದು ಮೈಕ್ರಾನ್ ಕೂಡ ಇರಲ್ಲ, ಹಾರ್ಡ್ ಕ್ರೋಮ್ ಹತ್ತಾರು ಮೈಕ್ರಾನ್ ಇರುತ್ತೆ.

ಪೈಪ್ ಬಾಗಿದೆಯಾ ಅಂತ ನೋಡೋಕೆ ದಪ್ಪ ಗಾಜಿನ ಮೇಲೆ ಉರುಳಿಸಿ, ಬೆಳಕು ಎಲ್ಲಿ ನುಸುಳುತ್ತೆ ನೋಡಿ. ಸ್ವಲ್ಪ ಬಾಗಿದ್ದರೆ ಪ್ರೆಸ್‌ನಲ್ಲಿ ಹಾಗೇ, ಕಾಯಿಸದೆ, ನೇರ ಮಾಡಬಹುದು. ಗ್ಯಾಸ್ ಹಿಡಿದು ಕೆಂಪಗೆ ಕಾಯಿಸ್ತೀನಿ ಅಂದ ಮಿಸ್ತ್ರಿಯ ಅಂಗಡಿಯಿಂದ ಪೈಪ್ ವಾಪಸ್ ತಗೊಂಡು ಬನ್ನಿ. ಮಡಿಕೆ ಬಿದ್ದ ಪೈಪ್ ಗುಜರಿಗೆ.

ಸುಧಾರಣೆ ಅಂತ ಬಂದರೆ ಅರ್ಧ ಜನ ಸ್ಪ್ರಿಂಗ್ ಮೇಲೆ ಒಂದು ವಾಷರ್ ಇಟ್ಟು ಗಟ್ಟಿ ಆಯ್ತು ಅಂದ್ಕೊಳ್ತಾರೆ. ಆಗಲ್ಲ. ಗಾಡಿ ಸ್ವಲ್ಪ ಎತ್ತರ ನಿಲ್ಲುತ್ತೆ ಅಷ್ಟೇ, ಸ್ಪ್ರಿಂಗ್ ಗುಣ ಬದಲಾಗಲ್ಲ. ಉಲ್ಟಾ, ಒಂದು ಸುತ್ತು ಕತ್ತರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ! ಕೇಳೋಕೆ ವಿಚಿತ್ರ, ಆದರೆ ಸುತ್ತು ಕಡಿಮೆಯಾದರೆ ಅಷ್ಟೇ ಭಾರಕ್ಕೆ ಅದು ಕಡಿಮೆ ಕುಗ್ಗುತ್ತೆ. ಆಯಿಲ್ ವಿಷಯದಲ್ಲೂ ಅತಿ ಬೇಡ. ಸ್ವಲ್ಪ ಗಟ್ಟಿ ಆಯಿಲ್ ಕುಣಿತ ಕಮ್ಮಿ ಮಾಡುತ್ತೆ, ತುಂಬಾ ಗಟ್ಟಿಯಾದರೆ ಪ್ರತಿ ಗುಂಡಿಯೂ ನೇರ ಮಣಿಕಟ್ಟಿಗೆ ಬಡಿಯುತ್ತೆ.

ನಿಜವಾಗಿ ಕಾಸಿಗೆ ತಕ್ಕ ಸುಧಾರಣೆ ಹ್ಯಾಂಡಲ್ ಬೇರಿಂಗ್‌ದು. ಗಾಡಿ ಹೆಚ್ಚು ಹೊತ್ತು ನೇರವೇ ಓಡೋದರಿಂದ ಹಳೆ ಬಾಲ್ ರೇಸ್‌ನಲ್ಲಿ ಗುಂಡುಗಳು ಒಂದೇ ಜಾಗಕ್ಕೆ ಬಡಿದು ಗುಳಿ ಮಾಡ್ತವೆ. ಹ್ಯಾಂಡಲ್ ತಿರುಗಿಸಿದರೆ ನಡುವೆ ಟಕ್ ಅಂತ ಕೂರುತ್ತೆ. ಟೇಪರ್ ರೋಲರ್ ಬೇರಿಂಗ್ ಹಾಕಿದರೆ ಭಾರ ಉದ್ದಕ್ಕೆ ಹಂಚಿಹೋಗುತ್ತೆ. ಆದರೆ ಅತಿಯಾಗಿ ಬಿಗಿ ಮಾಡಿದರೆ ಗಾಡಿ ಹಾವಿನ ಹಂಗೆ ಹೊರಳುತ್ತೆ. ಎಲ್ಲ ಜೋಡಿಸಿದ ಮೇಲೆ ಬೋಲ್ಟ್ ಸಡಿಲ ಇರುವಾಗಲೇ ಎರಡು ಸಲ ಒತ್ತಿ ಬಿಟ್ಟು, ಎರಡೂ ಕಾಲು ತಾವಾಗೇ ಹೊಂದಿಕೊಂಡ ಮೇಲೆ ಕೆಳಗಿನಿಂದ ಮೇಲಕ್ಕೆ ಬಿಗಿ ಮಾಡಿ.

ಡಿಸ್ಕ್ ಬ್ರೇಕ್ ಕೂರಿಸೋ ಆಸೆಗೆ ಮಾತ್ರ ನಾನು ಬೇಡ ಅಂತೀನಿ. ಒಂದೇ ಕಡೆ ಎಳೆಯೋ ಆ ಜೋರನ್ನ ತಡೆಯೋಕೆ ಆ ಫೋರ್ಕ್ ಮಾಡಿದ್ದಲ್ಲ. ಜೊತೆಗೆ ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ರೂಪ ಬದಲಿಸೋದನ್ನ ತಡೆಯುತ್ತೆ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ‘ವಿಎ’ ಅಕ್ಷರದ ವಿಂಟೇಜ್ ನಂಬರ್ ಸಿಗಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು. 1973ರ ಮೊದಲ ಯೆಜ್ಡಿಗಳು ಈಗ ಆ ಸಾಲಿಗೆ ಬಂದಿವೆ. ಹಂಗಾಗಿ ಬಿಚ್ಚಿದ ಹಳೆ ರೇಸ್, ಹಳೆ ಬುಶ್ ಬಿಸಾಕಬೇಡಿ. ಗ್ರೀಸ್ ಹಚ್ಚಿ ಒಂದು ಡಬ್ಬಿಯಲ್ಲಿ ಇಡಿ, ಮುಂದಿನ ಸಲ ಲೇತ್‌ನವರಿಗೆ ಅಳತೆ ಅದರಿಂದಲೇ ಸಿಗಬೇಕು.